ನಾಯಿಗೆ ಕ್ಯಾನ್ಸರ್ ಅಂದಾಗ: ಮೊದಲು ಸೂಜಿ, ಆಮೇಲೆ ಮಾತ್ರೆ

ಕೊರಳಪಟ್ಟಿ ಬಿಗಿಯಾಯಿತೆಂದು ಒಂದು ತೂತು ಸಡಿಲಿಸುವಾಗ ಕೈಗೆ ಗಂಟು ಸಿಗುತ್ತದೆ. ದವಡೆಯ ಕೆಳಗೆ, ಎರಡೂ ಕಡೆ, ನೆಲ್ಲಿಕಾಯಿ ಗಾತ್ರ. ನೋವಿಲ್ಲ, ಜ್ವರವಿಲ್ಲ, ನಾಯಿ ಊಟ ಬಿಟ್ಟಿಲ್ಲ. ಕ್ಲಿನಿಕ್ಕಿಗೆ ಕರೆದೊಯ್ದರೆ ಒಂದು ಆಂಟಿಬಯೋಟಿಕ್, ಜೊತೆಗೆ ಪ್ರೆಡ್ನಿಸೋಲೋನ್. ನಾಲ್ಕೇ ದಿನದಲ್ಲಿ ಗಂಟು ಕರಗುತ್ತದೆ, ಮನೆಯವರಿಗೆ ನೆಮ್ಮದಿ. ಮೂರು ವಾರಕ್ಕೆ ಗಂಟು ವಾಪಸ್ಸು. ಈ ಸಲ ಭುಜದ ಮುಂದೆಯೂ ಇದೆ, ಹಿಂಗಾಲಿನ ಮಂಡಿಯ ಹಿಂದೆಯೂ ಇದೆ. ಆಗ ಪರೀಕ್ಷೆ ಮಾಡಿಸಿದರೆ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಅನ್ನುತ್ತಾರೆ.

ಆ ಮೂರು ವಾರದ ಮಾತ್ರೆ ಎರಡು ಕೆಡುಕು ಮಾಡಿರುತ್ತದೆ. ಪ್ರೆಡ್ನಿಸೋಲೋನ್ ಲಿಂಫೋಮಾ ಕೋಶಗಳನ್ನು ಕೊಲ್ಲಬಲ್ಲ ಸ್ಟಿರಾಯ್ಡ್. ಹಾಗಾಗಿ ಗ್ರಂಥಿ ಕುಗ್ಗಿ, ಪರೀಕ್ಷೆಯಲ್ಲಿ ರೋಗದ ಗುರುತು ಮಸುಕಾಗುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಉಳಿದುಕೊಂಡ ಕೋಶಗಳು ಔಷಧವನ್ನು ಹೊರಕ್ಕೆ ತಳ್ಳುವ ವಿದ್ಯೆ ಕಲಿತಿರುತ್ತವೆ, ಮುಂದೆ ಕೊಡುವ ಬೇರೆ ಕೀಮೋ ಔಷಧಗಳನ್ನೂ ಅದೇ ದಾರಿಯಲ್ಲಿ ತಳ್ಳುತ್ತವೆ. ಒಂದೆರಡು ಡೋಸ್ ಕೊಟ್ಟಾಗಿದ್ದರೆ ಎಲ್ಲ ಮುಗಿಯಿತೆಂದಲ್ಲ. ಆದರೆ ಯಾವ ತಾರೀಖಿನಿಂದ, ಎಷ್ಟು ಮಿಲಿಗ್ರಾಂ ಅನ್ನುವುದನ್ನು ಮುಂದಿನ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಗಂಟು ಉಸಿರುಕೊಳವೆಯನ್ನು ಒತ್ತುತ್ತಿದ್ದು ಸ್ಟಿರಾಯ್ಡ್ ತುರ್ತಾಗಿ ಬೇಕೇ ಬೇಕು ಅಂದರೂ, ಸೂಜಿ ಚುಚ್ಚಿ ನಾಲ್ಕು ಸ್ಲೈಡ್ ಮಾಡಿಟ್ಟುಕೊಳ್ಳಲು ಐದು ನಿಮಿಷ ಸಾಕು. ಸ್ಲೈಡ್ ಮೊದಲು, ಮಾತ್ರೆ ಆಮೇಲೆ.

ಕ್ಯಾನ್ಸರ್ ಅನ್ನುವುದು ಒಂದು ರೋಗದ ಹೆಸರಲ್ಲ

ಈ ಹಟ ಯಾಕೆಂದರೆ, ಕೀಮೋ ಕೊಡಿಸುವುದೋ, ಕೊಯ್ಸುವುದೋ, ಸುಮ್ಮನಿರುವುದೋ ಎಂಬ ಪ್ರಶ್ನೆಗೆ ಉತ್ತರ ಇರುವುದೇ ರೋಗದ ಪೂರ್ತಿ ಹೆಸರಿನಲ್ಲಿ. ನಮ್ಮ ಊರುಗಳಲ್ಲಿ ಇದಕ್ಕೆ ಟಿವಿಟಿಗಿಂತ, ಅಂದರೆ ಕೂಡುವಾಗ ನಾಯಿಯಿಂದ ನಾಯಿಗೆ ಅಂಟುವ ಜನನಾಂಗದ ಗಡ್ಡೆಗಿಂತ, ಒಳ್ಳೆಯ ಉದಾಹರಣೆ ಬೇಕಿಲ್ಲ. ಬೀದಿ ಸುತ್ತಿ ಬಂದ ನಾಯಿಯ ಜನನಾಂಗದಿಂದ ವಾರಗಟ್ಟಲೆ ರಕ್ತ ತೊಟ್ಟಿಕ್ಕುತ್ತದೆ. ಹೆಣ್ಣಾದರೆ ಬೆದೆ ಅಂದುಕೊಳ್ಳುತ್ತಾರೆ, ಗಂಡಾದರೆ ಮೂತ್ರದ ಸೋಂಕು. ಒಳಗೆ ನೋಡಿದರೆ ಹೂಕೋಸಿನಂಥ ಕೆಂಪು ಗಡ್ಡೆ, ಕೆಟ್ಟ ವಾಸನೆ. ಕ್ಯಾನ್ಸರ್ ಅಂದ ಕೂಡಲೇ ದಯಾಮರಣದ ಮಾತು ಬರುವುದುಂಟು. ಆದರೆ ಇಷ್ಟು ಸುಲಭಕ್ಕೆ ಬಗ್ಗುವ ಕ್ಯಾನ್ಸರ್ ಇನ್ನೊಂದಿಲ್ಲ. ವಿನ್‌ಕ್ರಿಸ್ಟಿನ್ ಎಂಬ ಒಂದೇ ಔಷಧವನ್ನು ಕೆಜಿಗೆ 0.025 ಮಿಗ್ರಾಂ ಲೆಕ್ಕದಲ್ಲಿ ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟರೆ, ಸಾಮಾನ್ಯವಾಗಿ 4ರಿಂದ 6 ವಾರದಲ್ಲಿ 10ರಲ್ಲಿ 9 ನಾಯಿಗಳು ಪೂರ್ತಿ ವಾಸಿಯಾಗುತ್ತವೆ. ಕೆಡುವುದು ಒಂದೇ ಕಡೆ: ಎರಡನೆಯ ಇಂಜೆಕ್ಷನ್‌ಗೆ ರಕ್ತ ನಿಂತಿತೆಂದು ಮೂರನೆಯದಕ್ಕೆ ಬರುವುದಿಲ್ಲ. ಗಡ್ಡೆ ಮತ್ತೆ ಬೆಳೆಯುತ್ತದೆ. (ಈ ಗಡ್ಡೆ ಆ ನಾಯಿಯ ಸ್ವಂತದ್ದೂ ಅಲ್ಲ. ಸಾವಿರಾರು ವರ್ಷದ ಹಿಂದೆ ಬದುಕಿದ್ದ ಯಾವುದೋ ಒಂದು ನಾಯಿಯ ಕೋಶಗಳೇ ಮೈಯಿಂದ ಮೈಗೆ ದಾಟುತ್ತಾ ಇಲ್ಲಿಯವರೆಗೆ ಬಂದಿವೆ.)

ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ ಬರುವ ಹೆಮಾಂಜಿಯೋಸಾರ್ಕೋಮಾ (ರಕ್ತನಾಳದ ಕೋಶಗಳ ಕ್ಯಾನ್ಸರ್) ಇದಕ್ಕೆ ನೇರ ವಿರುದ್ಧ. ಗುಲ್ಮ ತೆಗೆಸಿದರೂ ಸಿಗುವುದು ಒಂದರಿಂದ ಮೂರು ತಿಂಗಳು, ಮೇಲೆ ಕೀಮೋ ಕೊಡಿಸಿದರೆ ನಾಲ್ಕರಿಂದ ಆರು. ಎರಡಕ್ಕೂ ಕ್ಯಾನ್ಸರ್ ಎಂದೇ ಅನ್ನುತ್ತೇವೆ.

ಸೂಜಿ ಎಲ್ಲಿಗೆ, ಸ್ಲೈಡ್ ಹೇಗೆ

ಗಂಟಿನ ಮೊದಲ ಪರೀಕ್ಷೆ ಎಫ್ಎನ್ಎಸಿ, ಅಂದರೆ ಸೂಜಿಯಿಂದ ಕೋಶಗಳನ್ನು ತೆಗೆದು ಸ್ಲೈಡಿನ ಮೇಲೆ ನೋಡುವುದು. ಸಾಮಾನ್ಯ 22 ಗೇಜ್ ಸೂಜಿ, ಬಹಳ ಸಲ ಅರಿವಳಿಕೆಯೂ ಬೇಡ. ಗ್ರಂಥಿಗಳು ಎಲ್ಲ ಕಡೆ ಊದಿದ್ದರೆ ಮಂಡಿಯ ಹಿಂದಿನದನ್ನೋ ಭುಜದ ಮುಂದಿನದನ್ನೋ ಆರಿಸುವುದು ಒಳ್ಳೆಯದು. ದವಡೆಯ ಕೆಳಗಿನದು ಕೈಗೆ ಸುಲಭ, ಆದರೆ ಹಲ್ಲು ಕೊಳಕಾಗಿರುವ ನಾಯಿಯಲ್ಲಿ ಅದು ಸೋಂಕಿನಿಂದಲೇ ಊದಿರಬಹುದು, ವರದಿ ಗೊಂದಲದ್ದಾಗುತ್ತದೆ. ಸ್ಲೈಡನ್ನು ಗಾಳಿಗೆ ಒಣಗಿಸಬೇಕು. ಅದನ್ನು ಫಾರ್ಮಲಿನ್ ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ಕಳಿಸಿದರೆ ಆವಿ ತಾಗಿ ಕೋಶಗಳಿಗೆ ಬಣ್ಣ ಹಿಡಿಯುವುದಿಲ್ಲ. ಲ್ಯಾಬಿನಿಂದ ಬರುವ ‘ಸ್ಯಾಂಪಲ್ ಸರಿಯಿಲ್ಲ’ ಅನ್ನುವ ಉತ್ತರಗಳಲ್ಲಿ ಕೆಲವು ಇದೇ ಕಾರಣದವು.

ಕೊಯ್ದು ತೆಗೆದ ಗಡ್ಡೆಯಾದರೆ ಫಾರ್ಮಲಿನ್ ಬೇಕು. ಶೇ. 10ರ ದ್ರಾವಣ, ಗಡ್ಡೆಯ ಹತ್ತು ಪಟ್ಟು. ನಿಂಬೆಹಣ್ಣಿನಷ್ಟು ಗಡ್ಡೆಯನ್ನು ಸಣ್ಣ ಔಷಧಿ ಸೀಸೆಗೆ ತುರುಕಿದರೆ ಒಳಭಾಗ ಕೊಳೆತು ಹೋಗುತ್ತದೆ. ‘ಪೂರ್ತಿ ತೆಗೆದಿದ್ದೇನೆ, ಪರೀಕ್ಷೆ ಬೇಡ’ ಅನ್ನುವ ಮಾತಿಗೆ ದಯವಿಟ್ಟು ತಲೆಯಾಡಿಸಬೇಡಿ. ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿದೆಯೇ, ಗ್ರೇಡ್ (ಉಗ್ರತೆ) ಎಷ್ಟು ಎಂದು ಹೇಳುವುದು ಹಿಸ್ಟೋಪೆಥಾಲಜಿ, ಅಂದರೆ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಮಾತ್ರ. ಕಸದ ಬುಟ್ಟಿಗೆ ಹೋದ ಗಡ್ಡೆಯನ್ನು ಯಾರೂ ಓದಲಾರರು. ಊರಿನಲ್ಲಿ ಲ್ಯಾಬ್ ಇಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಪೆಥಾಲಜಿ ವಿಭಾಗಗಳಿವೆ. ಮೊದಲು ವಿಚಾರಿಸಿ ನಿಮ್ಮ ವೈದ್ಯರ ಮೂಲಕವೇ ಕಳಿಸುವುದು ಸರಿ.

ನಮ್ಮ ಕಡೆಗೆ ಇನ್ನೊಂದು ಎಚ್ಚರಿಕೆ ಬೇಕು. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಜ್ವರದಲ್ಲೂ ಗ್ರಂಥಿಗಳು ಊದುತ್ತವೆ, ಗುಲ್ಮ ದೊಡ್ಡದಾಗುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಆದ್ದರಿಂದ ಸೂಜಿ ಪರೀಕ್ಷೆಯ ದಿನವೇ ರಕ್ತದ ಎಣಿಕೆ, ಉಣ್ಣೆಜ್ವರದ ಪರೀಕ್ಷೆ ಎರಡನ್ನೂ ಮಾಡಿಸಿ. ಎರಡೂ ಒಟ್ಟಿಗೇ ಇರುವುದುಂಟು. ಉಣ್ಣೆಜ್ವರ ಇದ್ದೂ ಅದಕ್ಕೆ ಡಾಕ್ಸಿಸೈಕ್ಲಿನ್ ಕೊಡದೆ ಕೀಮೋ ಶುರುಮಾಡಿದರೆ, ಎರಡನೆಯ ವಾರ ಪ್ಲೇಟ್‌ಲೆಟ್ ಕುಸಿದಾಗ ತಪ್ಪು ಔಷಧದ್ದೋ ರೋಗದ್ದೋ ಗೊತ್ತಾಗುವುದಿಲ್ಲ.

ಲಿಂಫೋಮಾ: ಮೂರು ದಾರಿ

ಲಿಂಫೋಮಾ ಖಚಿತವಾದ ಮೇಲೆ ಮುಂದಿನ ಪ್ರಶ್ನೆ ‘ಬಿ ಕೋಶದ್ದೋ, ಟಿ ಕೋಶದ್ದೋ’. ಎರಡೂ ಬಿಳಿರಕ್ತಕಣದ ಬಗೆಗಳು. ಇದಕ್ಕೆ ಬೇರೆ ಪರೀಕ್ಷೆ, ಬೇರೆ ಖರ್ಚು. ಕೀಮೋ ಬಗ್ಗೆ ಯೋಚಿಸುತ್ತಿದ್ದರೆ ಮಾತ್ರ ಮಾಡಿಸಿ; ಉತ್ತರದಿಂದ ತೀರ್ಮಾನ ಬದಲಾಗದಿದ್ದರೆ ಆ ದುಡ್ಡು ಊಟಕ್ಕೂ ಔಷಧಕ್ಕೂ ಆಗುತ್ತದೆ. ಅಗ್ಗದ ಒಂದು ಸುಳಿವು ರಕ್ತದ ಕ್ಯಾಲ್ಸಿಯಂ. ಅದು ಏರಿದ್ದು, ನಾಯಿ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದರೆ ಟಿ ಕೋಶದ ಶಂಕೆ ಹೆಚ್ಚು. ಅದು ಕಷ್ಟದ ಬಗೆ.

ಏನೂ ಮಾಡದಿದ್ದರೆ ಸಾಮಾನ್ಯವಾಗಿ 4ರಿಂದ 6 ವಾರ. ಪ್ರೆಡ್ನಿಸೋಲೋನ್ ಒಂದನ್ನೇ ಕೊಟ್ಟರೆ ಒಂದರಿಂದ ಮೂರು ತಿಂಗಳು, ಅದರಲ್ಲೂ ಮೊದಲ ವಾರಗಳು ಚೆನ್ನಾಗಿರುತ್ತವೆ. ಚಾಪ್ ಎಂದು ಕರೆಯುವ ನಾಲ್ಕು ಔಷಧಗಳ ಕೀಮೋದಲ್ಲಿ 10ರಲ್ಲಿ 8–9 ನಾಯಿಗಳ ಗಂಟು ಪೂರ್ತಿ ಇಳಿಯುತ್ತದೆ. ಬಿ ಕೋಶದ್ದಾದರೆ ಸುಮಾರು ಒಂದು ವರ್ಷ, ಟಿ ಕೋಶದ್ದಾದರೆ ಆರರಿಂದ ಒಂಬತ್ತು ತಿಂಗಳು. ಈ ಸಂಖ್ಯೆಗಳು ಸರಾಸರಿಯಲ್ಲ, ನಡುವಿನವು. ನೂರು ನಾಯಿಗಳನ್ನು ಬದುಕಿದ ದಿನಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಐವತ್ತನೆಯದು ಎಷ್ಟು ದಿನ ಬದುಕಿತು ಅನ್ನುವುದಷ್ಟೇ. ಬಿ ಕೋಶದ ಸಾಲಿನಲ್ಲಿ ಕೊನೆಯ ಐದನೇ ಒಂದು ಪಾಲು ಎರಡು ವರ್ಷ ದಾಟುತ್ತದೆ. ಮೊದಲ ಕೆಲವಕ್ಕೆ ಔಷಧವೇ ಹಿಡಿಯುವುದಿಲ್ಲ. ನಿಮ್ಮ ನಾಯಿ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆಂದು ಪೂರ್ತಿ ಯಾರಿಗೂ ಹೇಳಲಾಗದು. ಆದರೆ ರೋಗ ಪತ್ತೆಯಾದ ದಿನ ಓಡಾಡಿಕೊಂಡು ತಿನ್ನುತ್ತಿದ್ದ ನಾಯಿ, ಆಗಲೇ ಸೊರಗಿ ಮಲಗಿದ್ದ ನಾಯಿಗಿಂತ ಸಾಲಿನ ಹಿಂದಕ್ಕೆ ಹೋಗುತ್ತದೆ.

ಚಾಪ್‌ನ ಒಂದು ಬಳಕೆಯ ಕ್ರಮ ಹೀಗಿದೆ: ಮೊದಲ ವಾರ ವಿನ್‌ಕ್ರಿಸ್ಟಿನ್, ಎರಡನೆಯ ವಾರ ಸೈಕ್ಲೋಫಾಸ್ಫಮೈಡ್, ಮೂರಕ್ಕೆ ಮತ್ತೆ ವಿನ್‌ಕ್ರಿಸ್ಟಿನ್, ನಾಲ್ಕಕ್ಕೆ ಡಾಕ್ಸೋರುಬಿಸಿನ್, ಐದನೆಯ ವಾರ ಬಿಡುವು. ಈ ಸುತ್ತು ನಾಲ್ಕು ಸಲ, ಒಟ್ಟು 19 ವಾರ, 16 ಭೇಟಿ. ಪ್ರೆಡ್ನಿಸೋಲೋನ್ ಮೊದಲ ನಾಲ್ಕು ವಾರ ಮಾತ್ರ, ಕೆಜಿಗೆ 2 ಮಿಗ್ರಾಂನಿಂದ ಇಳಿಸುತ್ತಾ. ಇಲ್ಲಿ ಸ್ಟಿರಾಯ್ಡ್ ಬೇರೆ ಔಷಧಗಳ ಜೊತೆಯಲ್ಲೇ ಒಳಗೆ ಹೋಗುತ್ತದೆ. ತೊಂದರೆ ಇರುವುದು ಅದು ಒಂಟಿಯಾಗಿ ಮುಂಚೆ ಹೋದಾಗ.

ಇಷ್ಟು ಆಗದವರಿಗೆ ನಡುವಿನ ದಾರಿಯಿದೆ. ಡಾಕ್ಸೋರುಬಿಸಿನ್ ಒಂದನ್ನೇ ಮೂರು ವಾರಕ್ಕೊಮ್ಮೆ, ಐದು ಸಲ. 16 ಭೇಟಿಯ ಬದಲು ಐದು. ಬಿ ಕೋಶದ ರೋಗದಲ್ಲಿ ಸುಮಾರು ಆರರಿಂದ ಎಂಟು ತಿಂಗಳು ಸಿಗುತ್ತದೆ. ಸಿರ್ಸಿಯಿಂದಲೋ ಮೂಡಿಗೆರೆಯಿಂದಲೋ ಪ್ರತಿವಾರ ದೊಡ್ಡ ಊರಿಗೆ ನಾಯಿಯನ್ನು ಕಾರಿನಲ್ಲಿ ಹಾಕಿಕೊಂಡು ಓಡಾಡಬೇಕಾದವರು ಇದನ್ನು ಕೇಳಿಯೇ ತಿಳಿಯಬೇಕು, ತಾವಾಗಿ ಹೇಳುವವರು ಕಡಿಮೆ. ನಮ್ಮ ಅಭಿಪ್ರಾಯ ಕೇಳಿದರೆ, ಆರನೆಯ ವಾರಕ್ಕೆ ದುಡ್ಡೋ ರಜೆಯೋ ಮುಗಿದು ಚಾಪ್ ಅರ್ಧಕ್ಕೆ ನಿಲ್ಲುವುದಕ್ಕಿಂತ ಈ ಐದು ಡೋಸ್ ಪೂರ್ತಿ ಮುಗಿಸುವುದು ಮೇಲು.

ಕೀಮೋ ಡೋಸ್ ಲೆಕ್ಕ ಹೆಚ್ಚಾಗಿ ತೂಕಕ್ಕಲ್ಲ, ಮೈಯ ಹೊರಮೈ ಅಳತೆಗೆ. 30 ಕೆಜಿ ಲ್ಯಾಬ್ರಡಾರ್‌ನದು ಸುಮಾರು 0.97 ಚದರ ಮೀಟರ್, 10 ಕೆಜಿ ನಾಯಿಯದು 0.47. ತೂಕ ಮೂರನೇ ಒಂದು, ಅಳತೆ ಮಾತ್ರ ಅರ್ಧದ ಹತ್ತಿರ. ಹಾಗಾಗಿ ಚದರ ಮೀಟರಿಗೆ 30 ಮಿಗ್ರಾಂ ಡಾಕ್ಸೋರುಬಿಸಿನ್ ದೊಡ್ಡ ನಾಯಿಗೆ 29 ಮಿಗ್ರಾಂ ಆಗುತ್ತದೆ. ಚಿಕ್ಕ ನಾಯಿಗೆ ಇದೇ ಲೆಕ್ಕ ಹಾಕಿದರೆ ಹೆಚ್ಚಾಗುವುದರಿಂದ ಕೆಜಿಗೆ 1 ಮಿಗ್ರಾಂ ಎಂದು ಕೊಡುತ್ತಾರೆ. ಪ್ರತಿ ಭೇಟಿಯಲ್ಲೂ ತೂಕ ನೋಡುತ್ತಾರೋ ಇಲ್ಲವೋ ಗಮನಿಸಿ. ನೋಡದಿದ್ದರೆ ಕೇಳಿ.

ಔಷಧ ಹೋಗುವ ದಿನ, ಅದರ ಮರುವಾರ

ಮನೆಯಲ್ಲಿ ಯಾರಿಗೋ ಕೀಮೋ ಕೊಟ್ಟದ್ದನ್ನು ಕಂಡವರು ನಾಯಿಗೆ ಬೇಡವೇ ಬೇಡ ಅನ್ನುತ್ತಾರೆ. ಮನುಷ್ಯರಲ್ಲಿ ರೋಗವನ್ನು ಬೇರುಸಹಿತ ಕೀಳಲು ಮೈ ತಾಳುವ ಕೊನೆಯವರೆಗೆ ಡೋಸ್ ಏರಿಸುತ್ತಾರೆ. ನಾಯಿಯಲ್ಲಿ ಲೆಕ್ಕವೇ ಬೇರೆ: ಇರುವಷ್ಟು ದಿನ ನಾಯಿಯಾಗಿ ಇರಲಿ ಎಂದು ಡೋಸನ್ನು ಕೆಳಗೇ ಇಡುತ್ತಾರೆ. ಬಹುಪಾಲು ನಾಯಿಗಳಿಗೆ ಒಂದೆರಡು ದಿನದ ಮಂಕು, ಭೇದಿ, ವಾಂತಿಯಲ್ಲಿ ಮುಗಿಯುತ್ತದೆ. ಕೂದಲು ಸಾಮಾನ್ಯವಾಗಿ ಉದುರುವುದಿಲ್ಲ. ಶಿಟ್ಜು, ಪೂಡ್ಲ್‌ನಂಥ ಸದಾ ಕೂದಲು ಬೆಳೆಯುವ ತಳಿಗಳಲ್ಲಿ ತೆಳುವಾಗುತ್ತದೆ, ಮೀಸೆ ಹೋಗುತ್ತದೆ.

ಅಪಾಯ ಎರಡು ಕಡೆ ಇದೆ. ಒಂದು ಸೂಜಿಯ ತುದಿಯಲ್ಲಿ. ವಿನ್‌ಕ್ರಿಸ್ಟಿನ್, ಡಾಕ್ಸೋರುಬಿಸಿನ್ ಎರಡೂ ರಕ್ತನಾಳದ ಹೊರಗೆ ಸೋರಿದರೆ ಮಾಂಸ ಸುಟ್ಟಂತೆ ಕೊಳೆಯುತ್ತದೆ. ಡಾಕ್ಸೋರುಬಿಸಿನ್ ಸೋರಿ ಕಾಲನ್ನೇ ತೆಗೆಯಬೇಕಾದ ಸಂದರ್ಭಗಳಿವೆ. ಅದಕ್ಕೇ ಅಂದೇ ಹಾಕಿದ ಹೊಸ ಕ್ಯಾನುಲಾ, ಮೊದಲ ಚುಚ್ಚಿಗೇ ಸರಿಯಾಗಿ ಕೂತ ನಾಳ, ಮೊದಲು ಸಲೈನ್ ಹಾಯಿಸಿ ಖಾತ್ರಿ. ಆ ಕಾಲಿನಲ್ಲಿ ಅದೇ ದಿನ ರಕ್ತ ತೆಗೆದಿರಬಾರದು. ಡಾಕ್ಸೋರುಬಿಸಿನ್ ನಿಧಾನವಾಗಿ, 20–30 ನಿಮಿಷ ಹೋಗಬೇಕು. ನಾಯಿ ಒದ್ದಾಡುವುದಾದರೆ ಮಂಪರು ಬರಿಸುವುದು ತಪ್ಪಲ್ಲ. ಇದೇ ಔಷಧ ಹೃದಯದ ಸ್ನಾಯುವನ್ನೂ ಸವೆಸುತ್ತದೆ, ಆದ್ದರಿಂದ ಡಾಬರ್‌ಮನ್, ಬಾಕ್ಸರ್ ತಳಿಗಳಿಗೆ ಮೊದಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು. ಕೋಲಿ ತಳಿ ಅಥವಾ ಅದರ ಮಿಶ್ರತಳಿಯಾಗಿದ್ದರೆ ತಪ್ಪದೆ ಹೇಳಿ. ಈ ಔಷಧಗಳನ್ನು ಮೈಯಿಂದ ಹೊರಹಾಕುವ ಜೀನ್ ಹಲವು ಕೋಲಿಗಳಲ್ಲಿ ಕೆಟ್ಟಿರುತ್ತದೆ, ಮಾಮೂಲಿ ಡೋಸೇ ವಿಷವಾಗಬಹುದು.

ಇನ್ನೊಂದು ಅಪಾಯ ಸುಮಾರು ಏಳನೆಯ ದಿನ ಬರುತ್ತದೆ. ಅಸ್ಥಿಮಜ್ಜೆ ಬಳಲಿ ಬಿಳಿರಕ್ತಕಣ ತಳ ಮುಟ್ಟುವ ಹೊತ್ತು ಅದು. ಐದರಿಂದ ಹತ್ತನೆಯ ದಿನದವರೆಗೆ ಬೆಳಗ್ಗೆ ಸಂಜೆ ಥರ್ಮಾಮೀಟರ್ ಇಡಿ. ನಾಯಿಯ ಮಾಮೂಲಿ ಶಾಖ 101ರಿಂದ 102.5 ಫ್ಯಾರನ್‌ಹೀಟ್, ಆದ್ದರಿಂದ 101 ಕಂಡು ಗಾಬರಿಯಾಗಬೇಕಿಲ್ಲ. 103 ದಾಟಿ ನಾಯಿ ಮಂಕಾಗಿದ್ದರೆ ‘ಬೆಳಗ್ಗೆ ನೋಡೋಣ’ ಅನ್ನಬೇಡಿ. ನ್ಯೂಟ್ರೋಫಿಲ್ (ಸೋಂಕನ್ನು ಎದುರಿಸುವ ಬಿಳಿರಕ್ತಕಣ) ಎಣಿಕೆ ಸಾವಿರಕ್ಕಿಂತ ಕೆಳಗಿರುವಾಗ ಬಂದ ಜ್ವರ ಒಂದು ರಾತ್ರಿಯಲ್ಲಿ ನಾಯಿಯನ್ನು ಕೊಲ್ಲಬಲ್ಲದು. ಡ್ರಿಪ್ಪು, ಆಂಟಿಬಯೋಟಿಕ್ ಸಮಯಕ್ಕೆ ಸಿಕ್ಕರೆ ಎರಡು ಮೂರು ದಿನದಲ್ಲಿ ಎದ್ದು ಓಡಾಡುತ್ತದೆ. ಕೀಮೋಗೆ ಒಪ್ಪುವ ಮೊದಲೇ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಗೊತ್ತುಮಾಡಿಕೊಂಡಿರಿ. ಮುಂದಿನ ಡೋಸಿನ ದಿನ ನ್ಯೂಟ್ರೋಫಿಲ್ 1,500ಕ್ಕಿಂತ ಕಡಿಮೆ ಇದ್ದರೆ ಒಂದು ವಾರ ಮುಂದೂಡುತ್ತಾರೆ, ಅದು ಹಿನ್ನಡೆಯಲ್ಲ. ಎಣಿಕೆ ನೋಡದೆ ಚುಚ್ಚುವವರ ಹತ್ತಿರ ಕೀಮೋ ಮಾಡಿಸಬೇಡಿ.

ಮನೆಯಲ್ಲಿ ಮೊದಲ ಮೂರು ದಿನ ಮಲಮೂತ್ರವನ್ನು ಗ್ಲೌಸ್ ಹಾಕಿಯೇ ತೆಗೆಯಬೇಕು, ಬಸುರಿಯರೂ ಮಕ್ಕಳೂ ಮುಟ್ಟಬಾರದು. ಸೈಕ್ಲೋಫಾಸ್ಫಮೈಡ್ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಿ ಅನ್ನಕ್ಕೆ ಬೆರೆಸಲೇಬಾರದು. ಅದು ಮೂತ್ರಕೋಶದ ಒಳಪದರವನ್ನು ಕೆರಳಿಸುವುದರಿಂದ ಬೆಳಗ್ಗೆ ಕೊಟ್ಟು, ದಿನವಿಡೀ ನೀರು ಕುಡಿಸಿ, ಮತ್ತೆ ಮತ್ತೆ ಹೊರಗೆ ಬಿಡಿ. ಮೂತ್ರದಲ್ಲಿ ರಕ್ತ ಕಂಡರೆ ಆ ಔಷಧ ನಿಲ್ಲಬೇಕು. ಹಸಿ ಮಾಂಸ ಈ ತಿಂಗಳುಗಳಲ್ಲಿ ಬೇಡ. ಅಮೃತಬಳ್ಳಿಯೋ ಬೇರೆ ಕಷಾಯವೋ ಕೊಡುತ್ತಿದ್ದರೆ ವೈದ್ಯರಿಗೆ ಹೇಳಿಬಿಡಿ, ಬೈಸಿಕೊಂಡರೂ ಸರಿ. ಕಷಾಯವನ್ನೂ ಈ ಔಷಧಗಳನ್ನೂ ಒಡೆಯುವ ಕೆಲಸ ಒಂದೇ ಯಕೃತ್ತಿನದು.

ಕತ್ತರಿಯ ಕೆಲಸ ಎಲ್ಲಿ

ಸಂತಾನಹರಣ ಮಾಡಿಸದ ಹೆಣ್ಣು ನಾಯಿಗಳಲ್ಲಿ ಮೊಲೆಯ ಗಡ್ಡೆ ಸಾಮಾನ್ಯ. ಸುಮಾರು ಅರ್ಧದಷ್ಟು ಕೆಟ್ಟವಲ್ಲ, ಆದರೆ ಸೂಜಿ ಪರೀಕ್ಷೆ ಇಲ್ಲಿ ಅಷ್ಟು ನಂಬಿಕೆಗೆ ಬಾರದು. ತೆಗೆದು ಪರೀಕ್ಷೆಗೆ ಕಳಿಸುವುದೇ ದಾರಿ. ಇಲ್ಲಿ ಗಾತ್ರವೇ ಹಣೆಬರಹ. 3 ಸೆಂಟಿಮೀಟರಿಗಿಂತ ಚಿಕ್ಕದಿದ್ದಾಗ ತೆಗೆದದ್ದಕ್ಕೂ 5 ದಾಟಿ, ಒಡೆದು, ಹುಳ ಬಿದ್ದ ಮೇಲೆ ತೆಗೆದದ್ದಕ್ಕೂ ಅಜಗಜಾಂತರ. ‘ಕಡಲೆಯಷ್ಟಿದೆ, ಬೆಳೆದರೆ ನೋಡೋಣ’ ಅನ್ನುವುದು ನಾವು ಕೇಳುವ ಸಲಹೆಗಳಲ್ಲೇ ದುಬಾರಿಯದು. ಆಪರೇಷನ್‌ಗೆ ಮೊದಲು ಎದೆಯ ಎಕ್ಸ್‌ರೇ ಮೂರು ಭಂಗಿಯಲ್ಲಿ: ಎಡ, ಬಲ, ನೆಟ್ಟಗೆ. ಒಂದೇ ಭಂಗಿಯಲ್ಲಿ ಕೆಳಗಾದ ಶ್ವಾಸಕೋಶದ ಗಂಟು ಕಾಣದೇ ಹೋಗುತ್ತದೆ. ಗರ್ಭಕೋಶವನ್ನೂ ಅದೇ ಹೊತ್ತಿಗೆ ತೆಗೆಯುವುದಾದರೆ ಅದು ಮೊದಲು, ಮೊಲೆ ಆಮೇಲೆ. ಇಲ್ಲವಾದರೆ ಕ್ಯಾನ್ಸರ್ ಕೋಶ ಹೊಟ್ಟೆಯೊಳಕ್ಕೆ ಸೇರುವ ದಾರಿಯಾದೀತು. ಮೊಲೆಯ ಸಾಲು ಪೂರ್ತಿ ಕೆಂಪಾಗಿ, ಬಿಸಿಯಾಗಿ, ಹಲಗೆಯಂತೆ ಗಟ್ಟಿಯಾಗಿದ್ದರೆ ಮಾತ್ರ ಕತ್ತಿ ಇಡಬಾರದು. ಅದು ಉರಿಯೂತದ ಬಗೆ, ಹೊಲಿಗೆ ನಿಲ್ಲುವುದಿಲ್ಲ.

ಒಂದು ದಿನ ದೊಡ್ಡದು, ಮರುದಿನ ಚಿಕ್ಕದು ಆಗುವ ಚರ್ಮದ ಗಂಟು ಮಾಸ್ಟ್ ಸೆಲ್ ಗಡ್ಡೆಯಿರಬಹುದು. ಹಿಸುಕಬೇಡಿ, ಒಳಗಿನ ಹಿಸ್ಟಮಿನ್ ಚೆಲ್ಲಿ ಊದಿಕೊಳ್ಳುತ್ತದೆ. ಸುತ್ತ 2 ಸೆಂಟಿಮೀಟರ್, ಕೆಳಗೆ ಒಂದು ಪದರ ಸೇರಿಸಿ ಮೊದಲ ಸಲವೇ ಅಗಲವಾಗಿ ತೆಗೆದರೆ ಕೆಳ ಗ್ರೇಡಿನದು ಬಹುತೇಕ ಅಲ್ಲಿಗೇ ಮುಗಿಯುತ್ತದೆ. ರಾಟ್‌ವೈಲರ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗೆ ಬರುವ ಮೂಳೆ ಕ್ಯಾನ್ಸರ್‌ನಲ್ಲಿ ಕಾಲು ತೆಗೆಸುವ ಮಾತಿಗೇ ಜನ ಬೆಚ್ಚುತ್ತಾರೆ. ತೆಗೆಸುವುದು ಮುಖ್ಯವಾಗಿ ನೋವಿಗಾಗಿ. ಬರೀ ಕಾಲು ತೆಗೆಸಿದರೆ ನಾಲ್ಕೈದು ತಿಂಗಳು, ಮೇಲೆ ಕೀಮೋ ಸೇರಿದರೆ ಹತ್ತು ಹನ್ನೆರಡು. ಉಳಿದ ಮೂರು ಕಾಲಿಗೆ ಸಂಧಿವಾತ ಇಲ್ಲದಿದ್ದರೆ ನಾಯಿ ಕೆಲವೇ ವಾರದಲ್ಲಿ ಓಡಾಡುತ್ತದೆ.

ಔಷಧ ಬೇಡ ಅನ್ನುವುದೂ ಆರೈಕೆಯೇ

ಹದಿನಾಲ್ಕು ವರ್ಷದ, ಕಿಡ್ನಿ ಸೋತ ನಾಯಿಗೆ ಕೀಮೋ ಬೇಡ ಅನ್ನುವುದು ಕೈಬಿಟ್ಟಂತಲ್ಲ. ಆಗ ಕೆಲಸ ನೋವು, ಹಸಿವು, ವಾಂತಿಯನ್ನು ನೋಡಿಕೊಳ್ಳುವುದು. ಇಲ್ಲಿ ನಡೆಯುವ ದೊಡ್ಡ ಅನಾಹುತ ಮೆಲಾಕ್ಸಿಕಾಂನಂಥ ನೋವಿನ ಔಷಧವನ್ನೂ ಪ್ರೆಡ್ನಿಸೋಲೋನನ್ನೂ ಒಟ್ಟಿಗೆ ಕೊಡುವುದು; ಜಠರ ಹುಣ್ಣಾಗಿ ತೂತು ಬೀಳುತ್ತದೆ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಎಂದಿಗೂ ಬೇಡ. ಖರ್ಚಿನ ಅಂದಾಜನ್ನು ಬರೆಸಿಕೊಳ್ಳುವಾಗ ಔಷಧ, ಪ್ರತಿ ಭೇಟಿಯ ರಕ್ತಪರೀಕ್ಷೆ, ಒಂದು ಸಲ ಆಸ್ಪತ್ರೆ ಸೇರಿಸಬೇಕಾದರೆ ಬೇಕಾಗುವ ಮೊತ್ತ ಎಂದು ಬೇರೆ ಬೇರೆ ಬರೆಸಿ. ಮೂರನೆಯದನ್ನು ಕೈಯಲ್ಲಿ ಇಟ್ಟುಕೊಳ್ಳಲಾಗದಿದ್ದರೆ ಸಣ್ಣ ಯೋಜನೆಗೆ ಇಳಿಯಿರಿ.

ಸಾಕು ಅನ್ನುವ ಗೆರೆಯನ್ನು ನಾಯಿ ಚೆನ್ನಾಗಿರುವಾಗಲೇ ಎಳೆದಿಡುವುದು ಒಳ್ಳೆಯದು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ರೂಪಿಸಿದ ಅಳತೆಯಲ್ಲಿ ಏಳು ಬಾಬತ್ತುಗಳಿವೆ: ನೋವು, ಊಟ, ನೀರು, ಶುಚಿ, ಲವಲವಿಕೆ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿದೆಯೇ ಅನ್ನುವುದು. ಒಂದೊಂದಕ್ಕೂ ಸೊನ್ನೆಯಿಂದ ಹತ್ತು, ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ಒಟ್ಟು 35ಕ್ಕಿಂತ ಮೇಲಿದ್ದರೆ ನಡೆಯುತ್ತದೆ. ವಾರಕ್ಕೊಮ್ಮೆ ಮನೆಯ ಇಬ್ಬರು ಬೇರೆ ಬೇರೆ ಅಂಕ ಹಾಕಿ ಕ್ಯಾಲೆಂಡರಿನಲ್ಲಿ ಬರೆಯಲಿ. ದಿನಾ ನೋಡುವ ಕಣ್ಣಿಗೆ ಇಳಿಜಾರು ಕಾಣುವುದಿಲ್ಲ, ಅಂಕಿಯಲ್ಲಿ ಕಾಣುತ್ತದೆ.

ದಯಾಮರಣದ ದಿನ ಬಂದರೆ ಮೊದಲು ಮಂಪರಿನ ಇಂಜೆಕ್ಷನ್ ಕೊಡಿಸಿ, ನಾಯಿ ಮಲಗಿದ ಮೇಲೆ ಅರಿವಳಿಕೆಯ ದೊಡ್ಡ ಡೋಸ್. ಹೃದಯ ನಿಂತ ಮೇಲೂ ಒಂದೆರಡು ಉಸಿರು ಎಳೆದಂತಾಗಬಹುದು, ಮೂತ್ರ ಹೋಗಬಹುದು, ಕಣ್ಣು ತೆರೆದೇ ಇರುತ್ತದೆ. ಮಕ್ಕಳು ಜೊತೆಗಿರುವುದಾದರೆ ಇದನ್ನೆಲ್ಲ ಮೊದಲೇ ಹೇಳಿರಿ, ಅಡಿಗೆ ಹಳೆಯ ಬೆಡ್‌ಶೀಟ್ ಹಾಸಿರಿ.